ಕೇಳುವ ಪುಸ್ತಕಕ್ಕೆ ತಿಂಗಳ ಬಾಡಿಗೆ ಯಾಕ್ರಿ? ಲೈಬ್ರರಿ ನಮ್ಮೂರಾಗ ಐತಿ

"ಕಾದಂಬರಿ ಬ್ಯಾಡ್ರಿ. ಇತಿಹಾಸ, ದೊಡ್ಡವರ ಜೀವನಚರಿತ್ರೆ, ಒಕ್ಕಲುತನದ ಪುಸ್ತಕ, ಇಂಥವು ಬೇಕು. ಕಿವೀಲೆ ಕೇಳೂವಂಗ ಇರಬೇಕು, ರೊಕ್ಕ ಭಾಳ ಹೋಗಬಾರದು. ಎಲ್ಲಿ ಸಿಗತಾವ?"

ಮೇಲವಂಕಿ ಕಡೆಯ ಕಬ್ಬಿನ ಟ್ರ್ಯಾಕ್ಟರ್ ಡ್ರೈವರ್ ಒಬ್ಬರು ಹಂಗಾಮಿನಲ್ಲಿ ನಮ್ಮನ್ನು ಕೇಳಿದ ಪ್ರಶ್ನೆ ಇದು. ಫ್ಯಾಕ್ಟರಿ ಮುಂದೆ ಪಾಳಿ ಬರುವ ತನಕ ತಾಸುಗಟ್ಟಲೆ ಕಾಯುವವರಿಗೆ ಕಿವಿ ಖಾಲಿ ಇರುತ್ತದೆ. ಹೊಲದಲ್ಲಿ ಕಳೆ ತೆಗೆಯುವವರಿಗೂ, ರೊಟ್ಟಿ ಬಡಿಯುವವರಿಗೂ, ರಾತ್ರಿ ಕರೆಂಟು ಬಂದಾಗ ನೀರು ಹಾಯಿಸಲು ಹೋಗುವವರಿಗೂ ಅಷ್ಟೇ. ಓದಲು ಕಣ್ಣು ಬೇಕು, ಬೆಳಕು ಬೇಕು, ಕೈ ಬಿಡುವಿರಬೇಕು. ಕೇಳಲು ಇದ್ಯಾವುದೂ ಬೇಡ. ಇನ್ನು ಓದಲಿಕ್ಕೇ ಬಾರದವರ ಮಾತು ಬೇರೆ. 2011ರ ಜನಗಣತಿಯ ಪ್ರಕಾರ ಬೆಳಗಾವಿ ಜಿಲ್ಲೆಯ ಸಾಕ್ಷರತೆ ಶೇಕಡಾ 73ರಷ್ಟು. ಅಂದರೆ ನಾಲ್ವರಲ್ಲಿ ಒಬ್ಬರಿಗೆ ಅಚ್ಚಿನ ಪುಸ್ತಕ ಮುಚ್ಚಿದ ಬಾಗಿಲು. ಅವರಲ್ಲಿ ಹೆಚ್ಚಿನವರು ನಮ್ಮ ಅವ್ವ, ಆಯಿ, ಅತ್ತೆಯರು.

"ಈ ಆ್ಯಪ್ ಹಾಕ್ಕೊಳ್ರಿ" ಅಂದುಬಿಟ್ಟರೆ ಉತ್ತರ ಮುಗಿಯುತ್ತದೆ. ನಾವು ಅಷ್ಟಕ್ಕೇ ಬಿಡುವುದಿಲ್ಲ. ಆ್ಯಪುಗಳು ಬೇಡ ಅಂತಲ್ಲ. ಆದರೆ ನಮ್ಮ ಜನಕ್ಕೆ ಬೇಕಾದ ಒಳ್ಳೆಯ ಪುಸ್ತಕಗಳಲ್ಲಿ ಕೆಲವು ಈಗ ಕಾನೂನಿನ ಪ್ರಕಾರವೇ ಎಲ್ಲರ ಸ್ವತ್ತಾಗಿವೆ. ಅವನ್ನು ಓದಿ ರೆಕಾರ್ಡ್ ಮಾಡುವ ಯಂತ್ರ ನಮ್ಮ ಕಿಸೆಯಲ್ಲೇ ಇದೆ. ಇಟ್ಟು ಹಂಚುವ ಜಾಗಕ್ಕೆ ವರ್ಷವರ್ಷ ಕರ ಕಟ್ಟುತ್ತಿದ್ದೇವೆ. ಹೀಗಿರುವಾಗ ಬಾಡಿಗೆ ಕೊಟ್ಟು ಕೇಳುವುದೊಂದೇ ದಾರಿ ಅಂದುಕೊಂಡು ಕೂರುವುದು ಯಾಕೆ?

ಮೊದಲು ಆ್ಯಪುಗಳ ಲೆಕ್ಕ ನೋಡೋಣ. ಸ್ಟೋರಿಟೆಲ್ 2017ರಲ್ಲಿ, ಆಡಿಬಲ್ 2018ರಲ್ಲಿ ಭಾರತಕ್ಕೆ ಬಂದವು. ಕುಕು ಎಫ್‌ಎಂ, ಪಾಕೆಟ್ ಎಫ್‌ಎಂ ಇವು ನಮ್ಮ ದೇಶದವೇ. ಕನ್ನಡಕ್ಕೆಂದೇ ಹುಟ್ಟಿದ್ದು ಮೈಲ್ಯಾಂಗ್, ಆಲಿಸಿರಿ. ಇವುಗಳಲ್ಲಿ ಮೈಲ್ಯಾಂಗ್ ನಮಗೆ ಹೆಚ್ಚು ಹಿಡಿಸುತ್ತದೆ. ಅಲ್ಲಿ ಪುಸ್ತಕವನ್ನು ಬಿಡಿಯಾಗಿ ಕೊಳ್ಳಬಹುದು. ಬೇಕಾದದ್ದಕ್ಕೆ ಮಾತ್ರ ರೊಕ್ಕ, ಬರೆದವರಿಗೂ ಅದರಲ್ಲಿ ಪಾಲು. ತಿಂಗಳ ಚಂದಾ ಇರುವ ಕಡೆ ಲೆಕ್ಕವೇ ಬೇರೆ. ಹಂಗಾಮಿನಲ್ಲಿ ನಾಲ್ಕು ಪುಸ್ತಕ ಕೇಳಿ, ಮಳೆಗಾಲದಲ್ಲಿ ಒಂದನ್ನೂ ಕೇಳದಿದ್ದರೂ ದುಡ್ಡು ಹೋಗುತ್ತಲೇ ಇರುತ್ತದೆ. ಚಂದಾ ನಿಲ್ಲಿಸಿದ ದಿನ ಪುಸ್ತಕವೂ ಇಲ್ಲ. ಒಂದು ಅಚ್ಚಿನ ಪುಸ್ತಕ ತಂದರೆ ಮನೆಯಲ್ಲಿ ಐದು ಮಂದಿ ಓದುತ್ತಾರೆ, ಆಮೇಲೆ ಬೀಗರ ಮನೆಗೂ ಹೋಗುತ್ತದೆ, ಕೆಲವೊಮ್ಮೆ ತಿರುಗಿ ಬರುವುದೇ ಇಲ್ಲ. ಚಂದಾ ಕಟ್ಟಿ ಕೇಳಿದ ಪುಸ್ತಕವನ್ನು ಯಾರಿಗೂ ಎರವಲು ಕೊಡಲಾಗದು.

ನಮ್ಮ ಗುಂಪಿನ ಒಬ್ಬರಿಗೆ ಆದದ್ದನ್ನು ಇಲ್ಲಿ ಹೇಳಬೇಕು. ಆ ಆ್ಯಪಿನ ಹೆಸರು ಬೇಡ. ಒಂದೆರಡು ರೂಪಾಯಿಗೆ ಏಳು ದಿನ ಕೇಳಿ ಎಂದು ತೋರಿಸಿತು. ಒತ್ತಿದ್ದು ಆಟೋಪೇ ಒಪ್ಪಿಗೆ. ವಾರ ಕಳೆದ ಮೇಲೆ ಮೂರು ತಿಂಗಳ ಚಂದಾ ಒಮ್ಮೆಗೇ ಖಾತೆಯಿಂದ ಹೋಯಿತು, ಅದೂ ಬೀಜಕ್ಕೆಂದು ಇಟ್ಟ ದುಡ್ಡಿನಲ್ಲಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಹೀಗೆ ದುಡ್ಡು ಕಡಿಯುವ 24 ತಾಸು ಮೊದಲು ಮೆಸೇಜ್ ಬರಬೇಕು. ಬಂದಿತ್ತು, ಇಂಗ್ಲಿಷಿನಲ್ಲಿ, ಇಪ್ಪತ್ತು ಜಾಹೀರಾತು ಮೆಸೇಜುಗಳ ನಡುವೆ. ಆ್ಯಪನ್ನು ಮೊಬೈಲಿನಿಂದ ತೆಗೆದುಹಾಕಿದರೆ ಆಟೋಪೇ ನಿಲ್ಲುವುದಿಲ್ಲ, ಇದು ನೆನಪಿರಲಿ. ಫೋನ್‌ಪೇ, ಗೂಗಲ್ ಪೇ ಒಳಗೆ ಆಟೋಪೇ ಎಂಬ ಜಾಗಕ್ಕೆ ಹೋಗಿ ಅಲ್ಲಿಯೇ ರದ್ದು ಮಾಡಬೇಕು. ಇವತ್ತೇ ಒಮ್ಮೆ ತೆರೆದು ನೋಡಿ. ಎಂದೋ ಮಕ್ಕಳು ಒತ್ತಿದ್ದು ಅಲ್ಲಿ ಕೂತಿರಬಹುದು.

ಇನ್ನೊಂದು ತಕರಾರು ಇದಕ್ಕಿಂತ ದೊಡ್ಡದು. ಕಥೆ-ಕಾದಂಬರಿ ಅಲ್ಲದ ಪುಸ್ತಕ ಕೊಡಿ ಎಂದರೆ ಈ ಆ್ಯಪುಗಳು ಮೊದಲು ಮುಂದಿಡುವುದು ಶ್ರೀಮಂತರಾಗುವುದು ಹೇಗೆ, ಬೆಳಿಗ್ಗೆ ಬೇಗ ಏಳುವುದು ಹೇಗೆ ಎಂಬ ಜಾತಿಯವನ್ನು. ನಸುಕಿನಲ್ಲೆದ್ದು ಹಾಲು ಹಿಂಡಿ ಡೇರಿಗೆ ಹಾಕುವ ಹೆಣ್ಣುಮಗಳಿಗೆ ಬೇಗ ಏಳುವುದನ್ನು ಕಲಿಸಲು ಹೊರಟಿದ್ದಾರೆ! ಯೂಟ್ಯೂಬಿನಲ್ಲೂ ಅದೇ ಸಂತೆ. ಮುನ್ನೂರು ಪುಟದ ಪುಸ್ತಕ ಹತ್ತು ನಿಮಿಷಕ್ಕೆ. ಕೆಲವು ಕಡೆ ಈಗಿನ ಲೇಖಕರ ಇಡೀ ಪುಸ್ತಕವನ್ನು ಹೇಳದೆ ಕೇಳದೆ ಓದಿ ಹಾಕಿರುತ್ತಾರೆ. ಪುಕ್ಕಟೆ ಸಿಗುತ್ತದೆ ಎಂದು ಅದನ್ನು ನಾವು ಯಾರಿಗೂ ಹೇಳುವುದಿಲ್ಲ. ಒಬ್ಬ ಬರಹಗಾರ ವರ್ಷಗಟ್ಟಲೆ ತಿರುಗಿ ಬರೆದ ಪುಸ್ತಕ ಅದು. ನಮ್ಮ ಕಬ್ಬಿನ ಬಿಲ್ಲು ತಡವಾದರೆ ಗೇಟಿನ ಮುಂದೆ ಕೂರುತ್ತೇವೆ. ಅವರ ಬಿಲ್ಲಿಗೂ ಅದೇ ನ್ಯಾಯ.

ಮೊಬೈಲೇ ಓದಿ ಹೇಳುತ್ತದಲ್ಲ ಎಂದು ಕೇಳಬಹುದು. ಹೌದು, ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸಿನಲ್ಲಿ ಆಕ್ಸೆಸಿಬಿಲಿಟಿ ಅಂತ ಇದೆ. ಅಲ್ಲಿ ಸೆಲೆಕ್ಟ್ ಟು ಸ್ಪೀಕ್ ಚಾಲೂ ಮಾಡಿದರೆ ಪರದೆಯ ಮೇಲಿನ ಕನ್ನಡವನ್ನು ಗೂಗಲ್ ದನಿ ಓದುತ್ತದೆ. ಸುದ್ದಿಗೆ, ಸರ್ಕಾರಿ ಆದೇಶಕ್ಕೆ ಇದು ಸಾಕು, ಖರ್ಚೂ ಇಲ್ಲ. ಪುಸ್ತಕಕ್ಕೆ ಬಂದಾಗ ಎಡವುತ್ತದೆ. ಹಳೆಯ ಕನ್ನಡ ಪುಸ್ತಕಗಳ ಪಿಡಿಎಫ್ ಅಂದರೆ ಪುಟಗಳ ಫೋಟೋ. ಫೋಟೋದೊಳಗಿನ ಅಕ್ಷರ ಅದಕ್ಕೆ ಅಕ್ಷರವಲ್ಲ. ಇನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪಾದದ್ದನ್ನು ಕೊಟ್ಟರಂತೂ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವನ್ನು ಗಂಭೀರವಾಗಿ ಓದುತ್ತದೆ. ಯೂನಿಕೋಡಿನಲ್ಲಿ ಇದ್ದದ್ದನ್ನು ಮಾತ್ರ ಸರಿಯಾಗಿ ಹೇಳುತ್ತದೆ. ಆದರೂ ಎರಡು ತಾಸು ಆ ದನಿ ಕೇಳುವುದು ನಮ್ಮಿಂದಂತೂ ಆಗಲಿಲ್ಲ. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುವುದಿಲ್ಲ.

ನಿಲ್ಲುವುದು ಅಂದಾಗ ನೆನಪಾಗುತ್ತದೆ, ನಮ್ಮ ಭಾಗದವರು ಕೇಳಿ ಬೆಳೆದವರು. ಶ್ರಾವಣದಲ್ಲಿ ಗುಡಿಯಲ್ಲೋ ಮಠದಲ್ಲೋ ಪುರಾಣ ಹಚ್ಚುತ್ತಾರೆ. ಒಬ್ಬರು ಓದುತ್ತಾರೆ, ಅರ್ಥ ಹೇಳುತ್ತಾರೆ, ಊರು ಕೂತು ಕೇಳುತ್ತದೆ. ಕುಲಗೋಡ ತಮ್ಮಣ್ಣನ ಪಾರಿಜಾತವನ್ನು ಅಕ್ಷರ ಬಾರದವರು ರಾತ್ರಿಯಿಡೀ ಕೂತು ಕೇಳಿ ಬಾಯಿಪಾಠ ಮಾಡಿದರು. ಕೌಜಲಗಿ ನಿಂಗಮ್ಮನ ಹೆಸರು ಹೇಳಿದರೆ ಇವತ್ತಿಗೂ ಹಿರಿಯರ ಮುಖ ಅರಳುತ್ತದೆ. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾದ ಮೇಲೆ ರೇಡಿಯೋ ಬಂತು. ವಿಜಯಪುರದ ಸಿದ್ಧೇಶ್ವರ ಸ್ವಾಮಿಗಳ ಪ್ರವಚನವನ್ನು ಜನ ಮೆಮೊರಿ ಕಾರ್ಡಿಗೆ ತುಂಬಿಸಿಕೊಂಡು ಕೇಳಿದರು, 2023ರ ಜನವರಿಯಲ್ಲಿ ಅವರು ಹೋದ ಮೇಲೂ ಕೇಳುತ್ತಿದ್ದಾರೆ. ಅದರಲ್ಲಿ ಕಥೆಗಿಂತ ವಿಚಾರವೇ ಹೆಚ್ಚು. ಹಳ್ಳಿ ಜನಕ್ಕೆ ಭಾರವಾದ ವಿಷಯ ಬೇಡ ಎನ್ನುವವರು ಬಸ್‌ಸ್ಟ್ಯಾಂಡಿನ ಮೊಬೈಲ್ ಅಂಗಡಿಯಲ್ಲಿ ಕಾರ್ಡಿಗೆ ಏನೇನು ತುಂಬಿಸಿಕೊಳ್ಳುತ್ತಾರೆ ಎಂದು ಒಮ್ಮೆ ವಿಚಾರಿಸಲಿ.

ಈಗ ಕಾನೂನಿನ ಮಾತು. ಇದೇ ನಮ್ಮ ಮುಖ್ಯ ವಿಷಯ, ಸ್ವಲ್ಪ ಸಾವಕಾಶ ಓದಿ.

ಭಾರತದ ಕಾಪಿರೈಟ್ ಕಾಯ್ದೆಯಂತೆ ಬರೆದವರು ತೀರಿಹೋದ ಮುಂದಿನ ಜನವರಿ 1ರಿಂದ 60 ವರ್ಷ ಪುಸ್ತಕದ ಹಕ್ಕು ಅವರ ವಾರಸುದಾರರದು. ಅದು ಮುಗಿದ ಮೇಲೆ ಯಾರು ಬೇಕಾದರೂ ಅಚ್ಚು ಹಾಕಬಹುದು, ಓದಿ ರೆಕಾರ್ಡ್ ಮಾಡಿ ಹಂಚಬಹುದು. ಯಾರ ಅಪ್ಪಣೆಯೂ ಬೇಡ, ಕಾಸೂ ಕೊಡಬೇಕಿಲ್ಲ. ಆಲೂರು ವೆಂಕಟರಾಯರೂ ಫ.ಗು. ಹಳಕಟ್ಟಿಯವರೂ ತೀರಿಕೊಂಡದ್ದು 1964ರಲ್ಲಿ. ಲೆಕ್ಕ ಹಾಕಿ. 2025ರ ಜನವರಿ 1ರಿಂದ ಇಬ್ಬರ ಬರಹವೂ ಎಲ್ಲರದಾಗಿದೆ. ಆ ದಿನ ಅದನ್ನು ಒಂದು ಸುದ್ದಿ ಎಂದು ನಮ್ಮ ಕಡೆ ಯಾರೂ ಮಾತಾಡಿಕೊಂಡದ್ದನ್ನು ನಾವು ಕೇಳಲಿಲ್ಲ.

ಇಬ್ಬರೂ ಹುಟ್ಟಿದ್ದು 1880ರ ಜುಲೈ ತಿಂಗಳಲ್ಲಿ. ವಿಜಯಪುರದಲ್ಲಿ ಹುಟ್ಟಿದ ಆಲೂರರು ಧಾರವಾಡದಲ್ಲಿ ಕೆಲಸ ಮಾಡಿದರು, ಧಾರವಾಡದಲ್ಲಿ ಹುಟ್ಟಿದ ಹಳಕಟ್ಟಿಯವರು ವಿಜಯಪುರದಲ್ಲಿ. ಆಲೂರರ 'ಕರ್ನಾಟಕ ಗತವೈಭವ' ಬಂದದ್ದು 1917ರಲ್ಲಿ. ಆಗ ಗೋಕಾಕ, ಹುಕ್ಕೇರಿ ಎಲ್ಲ ಮುಂಬಯಿ ಪ್ರಾಂತದಲ್ಲಿದ್ದವು. ಕಚೇರಿಯಲ್ಲಿ ಮರಾಠಿ, ಶಾಲೆಯಲ್ಲಿ ಮರಾಠಿ ಎಂದು ಕುಗ್ಗಿದ್ದ ಕನ್ನಡಿಗರಿಗೆ ಚಾಲುಕ್ಯರು, ರಾಷ್ಟ್ರಕೂಟರು, ವಿಜಯನಗರದವರು ನಿಮ್ಮವರೇ ಎಂದು ಹೇಳಿದ ಪುಸ್ತಕ ಅದು. ಗಡಿ ಜಗಳ ಇನ್ನೂ ಟೀವಿಯಲ್ಲಿ ಬರುತ್ತಲೇ ಇರುವ ಜಿಲ್ಲೆ ನಮ್ಮದು. ಆ ಪುಸ್ತಕವನ್ನು ಕೇಳದೆ ಆ ಜಗಳ ಅರ್ಥವಾಗುವುದು ಕಷ್ಟ. ಹಳಕಟ್ಟಿಯವರು ತಾಡೋಲೆಗಳನ್ನು ಹುಡುಕಿ ಊರೂರು ತಿರುಗಿದರು, ಇದ್ದ ಮನೆ ಮಾರಿ ಮುದ್ರಣಾಲಯ ಹಾಕಿ ವಚನಗಳನ್ನು ಜನರ ಕೈಗಿಟ್ಟರು. ದಿನಕ್ಕೊಂದು ವಚನ ವಾಟ್ಸ್ಆ್ಯಪಿನಲ್ಲಿ ಕಳಿಸುವ ನಮಗೆ ಅವರು ಶರಣರ ಬಗ್ಗೆ ಏನು ಬರೆದರೆಂಬುದು ಗೊತ್ತಿರಬೇಕಲ್ಲ. ಆಲಮಟ್ಟಿಯಲ್ಲಿ ಆಶ್ರಮ ಕಟ್ಟಿದ ಹರ್ಡೇಕರ ಮಂಜಪ್ಪನವರು 1947ರಲ್ಲೇ ತೀರಿಕೊಂಡರು. ಅವರ ಪುಸ್ತಕಗಳ ಹಕ್ಕು ಎಂದೋ ಮುಗಿದಿದೆ. ಮಂಜೇಶ್ವರದ ಗೋವಿಂದ ಪೈಗಳು ತೀರಿದ್ದು 1963ರಲ್ಲಿ, ಅವರ ಸಂಶೋಧನೆಯ ಬರಹಗಳೂ ಮುಕ್ತ.

ಇಲ್ಲಿ ಎರಡು ಎಚ್ಚರ. ಇತ್ತೀಚೆಗೆ ಮರುಮುದ್ರಣವಾದ ಪುಸ್ತಕದಲ್ಲಿ ಯಾರೋ ಬರೆದ ಹೊಸ ಮುನ್ನುಡಿ, ಟಿಪ್ಪಣಿ ಇರುತ್ತದೆ. ಅದು ಅವರದು, ಓದಬೇಡಿ. ಹಳೆಯ ಮುದ್ರಣವನ್ನೇ ಹಿಡಿಯಿರಿ. ಇಂಟರ್ನೆಟ್ ಆರ್ಕೈವ್‌ನಲ್ಲಿ ಇಂಥ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ರಾಶಿ ಬಿದ್ದಿದೆ. ಎರಡನೆಯದು ಅನುವಾದ. ಗಾಂಧೀಜಿ ತೀರಿದ್ದು 1948ರಲ್ಲಿ, ಅಂಬೇಡ್ಕರ್ 1956ರಲ್ಲಿ. ಅವರ ಮೂಲ ಬರಹದ ಅವಧಿ ಮುಗಿದಿದೆ, ಕನ್ನಡಕ್ಕೆ ತಂದವರ ಹಕ್ಕು ಇನ್ನೂ ಇರಬಹುದು.

ನಮ್ಮದೇ ತಾಲೂಕಿನ ಬರಹಗಾರರ ಕಥೆ ಸ್ವಲ್ಪ ಬೇಸರದ್ದು. ಬೆಟಗೇರಿ ಕೃಷ್ಣಶರ್ಮರು 1982ರಲ್ಲಿ ತೀರಿದರು. ಮಲಾಮರಡಿಯ ಬಸವರಾಜ ಕಟ್ಟೀಮನಿಯವರು 1989ರಲ್ಲಿ. ಕಟ್ಟೀಮನಿಯವರ ಆತ್ಮಕಥೆ 'ಕುಂದರನಾಡಿನ ಕಂದ' ನಮ್ಮ ನೆಲದ್ದೇ ಪುಸ್ತಕ. ಅದು ಮುಕ್ತವಾಗಲು 2050 ಬರಬೇಕು. ಅಷ್ಟೊತ್ತಿಗೆ ಅದರಲ್ಲಿನ ಊರು, ಮಂದಿ ನೆನಪಿರುವ ಒಬ್ಬ ಹಿರಿಯರೂ ಇರುವುದಿಲ್ಲ. ಅವರ ಹೆಸರಲ್ಲಿ ಬೆಳಗಾವಿಯಲ್ಲಿ ಪ್ರತಿಷ್ಠಾನವಿದೆ. ಹಕ್ಕುಳ್ಳವರ ಜತೆ ಮಾತಾಡಿ, ಗೌರವಧನ ಕೊಟ್ಟು, ಈ ಒಂದು ಪುಸ್ತಕವನ್ನು ದನಿಯಲ್ಲಿ ತಂದರೆ ವರ್ಷದ ನಾಲ್ಕು ಸಭೆಗಳಿಗಿಂತ ಹೆಚ್ಚು ಮಂದಿಗೆ ಕಟ್ಟೀಮನಿ ಮುಟ್ಟುತ್ತಾರೆ.

ಸರ್ಕಾರಕ್ಕೂ ಇದೇ ಮಾತು. ಗ್ರಂಥಾಲಯ ಇಲಾಖೆ ಸಗಟು ಖರೀದಿಯಲ್ಲಿ ಆಯ್ದ ಪುಸ್ತಕದ ಮುನ್ನೂರರ ಆಸುಪಾಸು ಪ್ರತಿ ಕೊಳ್ಳುತ್ತದೆ. ರಾಜ್ಯದಲ್ಲಿ ಗ್ರಾಮ ಪಂಚಾಯ್ತಿ ಲೈಬ್ರರಿಗಳೇ 5,600ಕ್ಕೂ ಹೆಚ್ಚು ಇವೆ. ಮುನ್ನೂರು ಪ್ರತಿ ಎಷ್ಟು ಊರಿಗೆ ಬರುತ್ತದೆ ಎಂಬುದನ್ನು ನೀವೇ ಎಣಿಸಿ. ಜೀವಂತ ಲೇಖಕರ ಒಂದು ಪುಸ್ತಕದ ದನಿಯ ಹಕ್ಕನ್ನು ಒಮ್ಮೆ ಸರಿಯಾದ ಬೆಲೆಗೆ ಕೊಂಡರೆ ಅಷ್ಟೂ ಲೈಬ್ರರಿಗೆ ಒಂದೇ ದಿನ ಮುಟ್ಟಿಸಬಹುದು, ಲಾರಿ ಬಾಡಿಗೆ ಇಲ್ಲ. ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ ಸ್ವಂತ ಸಮುದಾಯ ಬಾನುಲಿ ಇದೆ, 'ಕೃಷಿ ಮುನ್ನಡೆ' ಎಂಬ ಮಾಸಿಕವೂ ಇದೆ. ಮಾಸಿಕವನ್ನು ಅದೇ ಸ್ಟುಡಿಯೋದಲ್ಲಿ ಓದಿಸಿ ಫೈಲನ್ನು ಎಲ್ಲ ಪಂಚಾಯ್ತಿಗೆ ಬಿಟ್ಟರೆ ಡ್ರೈವರಣ್ಣ ಕೇಳಿದ ಒಕ್ಕಲುತನದ ಪುಸ್ತಕಕ್ಕೆ ಅರ್ಧ ಉತ್ತರ ಸಿಕ್ಕಂತೆ.

ಆದರೆ ಬೆಂಗಳೂರು ಮನಸ್ಸು ಮಾಡುವವರೆಗೆ ಕಾಯಬೇಕಿಲ್ಲ. ನಿಮ್ಮ ಮನೆ ತೆರಿಗೆ ರಸೀದಿ ತೆಗೆದು ನೋಡಿ. ಗ್ರಂಥಾಲಯ ಕರ ಎಂದು ಒಂದು ಸಾಲು ಇರುತ್ತದೆ. ಓದಲು ಬಾರದ ಮುದುಕಿಯೂ ಅದನ್ನು ಕಟ್ಟುತ್ತಾಳೆ. ಆಕೆಗೆ ಆ ಲೈಬ್ರರಿಯಿಂದ ಇದುವರೆಗೆ ಸಿಕ್ಕದ್ದೇನು? ಈಗ ಅದಕ್ಕೆ ಅರಿವು ಕೇಂದ್ರ ಎಂದು ಹೆಸರಿಟ್ಟಿದ್ದಾರೆ, ಎಷ್ಟೋ ಕಡೆ ಕಂಪ್ಯೂಟರೂ ಬಂದಿದೆ. ಆ ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ಮಾಡಿ ಕೇಳುವ ಪುಸ್ತಕ ಇಡುವುದಕ್ಕೆ ಟೆಂಡರು ಬೇಕಿಲ್ಲ. ಜನ ಮೊಬೈಲೋ ಕಾರ್ಡೋ ತಂದು ತುಂಬಿಸಿಕೊಂಡು ಹೋಗಲಿ. ಮೊಬೈಲ್ ಅಂಗಡಿ ವರ್ಷಗಳಿಂದ ಹಾಡಿಗೆ ಮಾಡಿದ್ದನ್ನೇ ಲೈಬ್ರರಿ ಪುಸ್ತಕಕ್ಕೆ ಮಾಡಬೇಕು.

ಖರ್ಚಿನ ಅಂದಾಜು ಹೇಳುತ್ತೇವೆ. ಮಾತಿನ ರೆಕಾರ್ಡಿಂಗನ್ನು 64 ಕೆಬಿಪಿಎಸ್ ಎಂಪಿ3 ಮಾಡಿದರೆ ತಾಸಿಗೆ 29 ಎಂಬಿ ಹಿಡಿಯುತ್ತದೆ. ಇನ್ನೂರು ಪುಟದ ಪುಸ್ತಕ ಸಾವಕಾಶ ಓದಿದರೆ ಏಳು ತಾಸು, ಅಂದರೆ ಸುಮಾರು 200 ಎಂಬಿ. 8 ಜಿಬಿಯ ಒಂದು ಕಾರ್ಡಿನಲ್ಲಿ ಇಂಥ ನಲವತ್ತು ಪುಸ್ತಕ ಹಿಡಿಸುತ್ತವೆ. ಡೇಟಾ ಇಲ್ಲದ ಕೀಪ್ಯಾಡ್ ಫೋನಿನಲ್ಲೂ ಎಂಪಿ3 ನಡೆಯುತ್ತದೆ. ಸ್ಟುಡಿಯೋ ಬೇಡ. ರಾತ್ರಿ ಊಟದ ಹೊತ್ತು ದಾಟಿದ ಮೇಲೆ ಫ್ಯಾನ್ ಆರಿಸಿ, ಗಾದಿ-ಕೌದಿ ಪೇರಿಸಿದ ಕೋಣೆಯಲ್ಲಿ, ಮೊಬೈಲನ್ನು ಬಾಯಿಂದ ಒಂದು ಗೇಣು ದೂರ ಇಟ್ಟು ಓದಿದರೆ ಸಾಕು. ಕೌದಿ ಮಾರ್ದನಿಯನ್ನು ನುಂಗುತ್ತದೆ. ಒಬ್ಬರೇ ಇಡೀ ಪುಸ್ತಕ ಓದಬೇಕಿಲ್ಲ, ಅಧ್ಯಾಯ ಹಂಚಿಕೊಳ್ಳಿ. ಲಿಬ್ರಿವಾಕ್ಸ್ ಎಂಬ ಗುಂಪು 2005ರಿಂದ ಹೀಗೇ ಮಾಡುತ್ತಿದೆ. ಜಗತ್ತಿನ ಬೇರೆಬೇರೆ ಮೂಲೆಯ ಮಂದಿ ತಮ್ಮ ಮನೆಯಲ್ಲಿ ಕೂತು ಹಕ್ಕು ಮುಗಿದ ಪುಸ್ತಕದ ಒಂದೊಂದು ಅಧ್ಯಾಯ ಓದುತ್ತಾರೆ, ಕೇಳುವವರಿಗೆ ಪುಕ್ಕಟೆ. ನಮಗೆ ಜಗತ್ತು ಬೇಡ, ನಿವೃತ್ತ ಮಾಸ್ತರರು ಇಬ್ಬರು, ಡಿಗ್ರಿ ಓದುವ ಹುಡುಗಿಯರು ನಾಲ್ವರು ಸಿಕ್ಕರೆ ಆಯಿತು.

ಕಣ್ಣು ಕಾಣದವರಿಗೆ ಕಾನೂನು ಇನ್ನೂ ದೊಡ್ಡ ಬಾಗಿಲು ತೆರೆದಿದೆ. ಇದು ಬಹಳ ಮಂದಿಗೆ ಗೊತ್ತಿಲ್ಲ. 2012ರ ತಿದ್ದುಪಡಿಯಂತೆ ಅಂಗವೈಕಲ್ಯದಿಂದ ಅಚ್ಚು ಓದಲಾಗದವರಿಗಾಗಿ ಯಾವ ಪುಸ್ತಕವನ್ನಾದರೂ, ಹಕ್ಕು ಮುಗಿಯದಿದ್ದರೂ, ಓದಿ ರೆಕಾರ್ಡ್ ಮಾಡಿಕೊಡಬಹುದು. ಲಾಭ ಮಾಡುವಂತಿಲ್ಲ, ಬೇರೆಯವರಿಗೆ ಹಂಚುವಂತಿಲ್ಲ. ಅಂದರೆ ನಿಮ್ಮೂರಿನ ಅಂಧ ವಿದ್ಯಾರ್ಥಿಗೆ ಈಗಿನ ಲೇಖಕರ ಪುಸ್ತಕವನ್ನು ನಾಳೆಯೇ ಓದಿಕೊಡಬಹುದು. ಇಂಥವರಿಗೆಂದೇ 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯವಿದೆ, ಬೆಂಗಳೂರಿನ ಮಿತ್ರ ಜ್ಯೋತಿ ಸಂಸ್ಥೆಯಲ್ಲಿ ಮಾತಾಡುವ ಪುಸ್ತಕಗಳ ಗ್ರಂಥಾಲಯವಿದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಅಂಧ ಮಕ್ಕಳಿದ್ದ ಮನೆಯವರು ಇವೆರಡನ್ನು ಮೊದಲು ವಿಚಾರಿಸಿ, ಆಮೇಲೆ ದುಡ್ಡು ಕೊಡುವ ಮಾತು.

ಒಂದು ವಿಷಯದಲ್ಲಿ ಮಾತ್ರ ನಮ್ಮ ನಮ್ಮಲ್ಲೇ ಒಮ್ಮತವಿಲ್ಲ. ಆಲೂರರ ಕನ್ನಡ ನೂರು ವರ್ಷ ಹಳೆಯದು, ಸಂಸ್ಕೃತದ ಮಾತು ಹೆಚ್ಚು, ವಾಕ್ಯ ಉದ್ದ. ಅದನ್ನು ಇದ್ದಂತೆಯೇ ಓದಬೇಕು ಎಂದು ಕೆಲವರ ವಾದ. ಬರೀ ಓದಿದರೆ ಕೇಳುವವರು ಐದು ನಿಮಿಷಕ್ಕೆ ಬಂದ್ ಮಾಡುತ್ತಾರೆ ಎಂದು ಉಳಿದವರು. ಪುರಾಣ ಹೇಳುವವರು ಮಾಡಿದ್ದೇ ಸರಿ ಎಂದು ನಮ್ಮಲ್ಲಿ ಹೆಚ್ಚಿನವರಿಗೆ ಅನಿಸುತ್ತದೆ. ಮೊದಲು ಮೂಲ, ಹಿಂದೆಯೇ ನಮ್ಮ ಮಾತಿನಲ್ಲಿ ನಾಲ್ಕು ಸಾಲು ಅರ್ಥ. ದನಿಯೂ ಇಲ್ಲಿಯದೇ ಇರಲಿ. ಬೆಂಗಳೂರು ಜಾಹೀರಾತಿನ ದನಿಯಲ್ಲಿ ಹಳಕಟ್ಟಿಯವರನ್ನು ಕೇಳುವುದು ನಮಗೆ ಸರಿಬರದು.

ಮುಂದಿನ ಗ್ರಾಮಸಭೆಗೆ ಹೋಗುವಾಗ ರಸೀದಿ ಜತೆಗಿರಲಿ. ಕೇಳಬೇಕಾದ್ದು ಮೂರೇ: ಗ್ರಂಥಾಲಯ ಕರ ಎಂದು ಈ ವರ್ಷ ಎಷ್ಟು ವಸೂಲಾಯಿತು, ಅದರಲ್ಲಿ ಎಷ್ಟು ಲೈಬ್ರರಿಗೆ ಹೋಯಿತು, ಅಲ್ಲಿನ ಕಂಪ್ಯೂಟರಿನಲ್ಲಿ ಕೇಳುವ ಪುಸ್ತಕ ಇಡಲು ಯಾರ ಒಪ್ಪಿಗೆ ಬೇಕು. ಉತ್ತರವನ್ನು ಠರಾವಿನಲ್ಲಿ ಬರೆಸಿ, ಪಿಡಿಒ ಸಾಹೇಬರ ಸಹಿ ಆದ ಮೇಲೆ ಒಂದು ಫೋಟೋ ತೆಗೆದು ನಮಗೂ ಕಳಿಸಿ.